ಶಿರೀಷಾಳ ಕೈಗುಣ

ಜೂನ್ 9, ಬೆಳಿಗ್ಗೆ 11

ಕಾಲೇಜಿನಲ್ಲಿ ಮತ್ತೆ ಕರೆಂಟ್ ಇಲ್ಲ. ಕಂಪ್ಯೂಟರಿನಲ್ಲಿ ಓಡುತ್ತಿದ್ದ ಲೆಕ್ಕ ಅರ್ಧಕ್ಕೇ ನಿಂತಿತು. ಸುಮ್ಮನೆ ಕೂರಲಾರದೆ ಲ್ಯಾಪ್‌ಟಾಪಿನಲ್ಲಿ ಹಳೆಯ ಫೈಲ್ ತೆರೆದೆ. ನನಗೆ ಹೆಸರು ತಂದ ಸಂಶೋಧನಾ ಪೇಪರಿನದು — ನೀಲಿ ಬೆಳಕು ಬಿದ್ದರೆ ಮಡಚಿಕೊಳ್ಳುವ ಅಣು. ಪರಮಾಣುಗಳನ್ನು ಎಣಿಸಿದೆ. ಒಂದು ಹೈಡ್ರೋಜನ್ ಕಡಿಮೆ. ಮೂರು ಸಲ ಎಣಿಸಿದೆ. ಕಡಿಮೆಯೇ.

ಅದೇ ದಿನ, ಸಂಜೆ 6

ಹೈಡ್ರೋಜನ್ ಸೇರಿಸಿ ಲೆಕ್ಕ ಹಾಕಿದೆ. ನಿಜವಾದ ಅಣು ನೀಲಿ ಬೆಳಕನ್ನು ಹೀರುವುದೇ ಇಲ್ಲ. ಹಾಗಾದರೆ ಶಿರೀಷಾ? ನನ್ನ ಪೇಪರ್ ನಂಬಿ, ಎರಡು ವರ್ಷದಿಂದ ಅದನ್ನು ಲ್ಯಾಬಿನಲ್ಲಿ ತಯಾರಿಸಿ, ನೀಲಿ ದೀಪದ ಕೆಳಗಿಟ್ಟು ಕಾಯುತ್ತಿದ್ದಾಳೆ. ಅವಳ ಪಿಎಚ್‌ಡಿಯೇ ಅದರ ಮೇಲೆ ನಿಂತಿದೆ. ಅಯ್ಯೋ.

ನಾಳೆ ಹೇಳಬೇಕು.

ಜೂನ್ 12

ಹೇಳಲಿಲ್ಲ. ಕಾರಿಡಾರಿನಲ್ಲಿ ಅವಳೇ ಸಿಕ್ಕಳು. "ನಲವತ್ತೊಂದನೇ ಸಲ ಮೇಡಂ, ಏನೂ ಆಗ್ಲಿಲ್ಲ. ನನ್ ಕೈಗುಣಾನೇ ಸರಿಯಿಲ್ಲ ಅನ್ಸುತ್ತೆ" ಎಂದು ನಕ್ಕಳು. ನಾನೂ ನಕ್ಕೆ. ಥೂ, ನಕ್ಕೆನಲ್ಲ!

ಗೌರಿಬಿದನೂರಿನಿಂದ ಅಪ್ಪನ ಫೋನು. "ನ್ಯೂಸ್‌ಪೇಪರ್‌ನಾಗೆ ಬಂದಿತ್ತಲ್ಲ ನಿನ್ ಫೋಟೋ, ಲ್ಯಾಮಿನೇಷನ್ ಮಾಡಿಸ್ದೆ ಕಣಮ್ಮ ಸಂಘಮಿತ್ರ. ಬಾಬಾಸಾಹೇಬ್ರ ಪಕ್ಕದಲ್ಲೇ ಹಾಕಿದೀನಿ." ಅಲ್ಲಿಂದ ತೆಗಿ ಅಪ್ಪ ಅನ್ನಲು ನಾಲಿಗೆ ಏಳಲಿಲ್ಲ.

ಜೂನ್ 20

ಪಿಎಚ್‌ಡಿ ರಿವ್ಯೂ ಇತ್ತು. ಶಿರೀಷಾಳ ಗೈಡ್ ಮುರಳಿಮೋಹನ್ ಎಲ್ಲರೆದುರು ಕೇಳಿದರು — "ಮೇಡಂ, ನಿಮ್ ಲೆಕ್ಕದಲ್ಲೇ ಏನಾದ್ರೂ ತಪ್ಪಿರಬಹುದಾ?"

ದೇವರಂಥ ಪ್ರಶ್ನೆ. ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಲೆಕ್ಕ ಸರಿಯಾಗಿದೆ ಸಾರ್. ಸ್ಯಾಂಪಲ್ ಶುದ್ಧವಾಗಿದೆಯಾ ನೋಡಿ" ಅಂದೆ.

ಶಿರೀಷಾ ತಲೆ ತಗ್ಗಿಸಿ ಅದನ್ನೂ ಬರೆದುಕೊಂಡಳು.

ಜುಲೈ 3

ಇಷ್ಟು ದಿನ ಬರೆಯಲಿಲ್ಲ. ಏನಂತ ಬರೆಯಲಿ? ಶಿರೀಷಾ ಪಿಎಚ್‌ಡಿ ಬಿಟ್ಟಳು. ನೋಟ್‌ಬುಕ್ಕು, ಲ್ಯಾಬಿನ ಬೀಗದಕೈ ಒಪ್ಪಿಸಿ ಚಿಂತಾಮಣಿಗೆ ಹೊರಟುಹೋದಳಂತೆ. ನನ್ನ ಟೇಬಲ್ ಮೇಲೊಂದು ಚೀಟಿ — "ನಿಮ್ಮ ಹೆಸರು ಕೆಡಿಸಿದೆ ಮೇಡಂ, ಕ್ಷಮಿಸಿ."

ಜುಲೈ 6, ಭಾನುವಾರ, ಮಧ್ಯಾಹ್ನ

ಅವಳ ಮನೆಯಿಂದ ಈಗ ಹೊರಬಂದೆ. ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೇನೆ.

ಅವಳ ಅಮ್ಮ ಕದಿರಮ್ಮ ಮಜ್ಜಿಗೆ ಕೊಟ್ಟರು. "ನೀವಾದ್ರೂ ಹೇಳ್ರಮ್ಮ. ಹಾಲಿಗೆ ಹೆಪ್ಪು ಹಾಕಮ್ಮ ಅಂದ್ರೂ ಒಲ್ಲೆ ಅಂತಾಳೆ. ನನ್ ಕೈ ಬಿದ್ರೆ ಮೊಸರೂ ಆಗಲ್ಲ ಅಂತಾಳೆ. ಏಂ ಚೇಸೇದಿ, ಏನ್ ಮಾಡ್ಲಿ, ನೀವೇ ಹೇಳಿ."

ಲೋಟ ಕೆಳಗಿಟ್ಟು ಬಾಗಿಲಲ್ಲಿ ನಿಂತಿದ್ದ ಶಿರೀಷಾಳ ಕಡೆ ತಿರುಗಿದೆ. ಹೇಳಿಬಿಟ್ಟೆ. "ತಪ್ಪು ನಿನ್ನ ಕೈಯದಲ್ಲಮ್ಮ, ನಂದು. ಲೆಕ್ಕದಲ್ಲಿ ಒಂದು ಹೈಡ್ರೋಜನ್ ಬಿಟ್ಟಿದ್ದೆ."

ಶಿರೀಷಾ ಅಂಗೈ ತಿರುಗಿಸಿ ನೋಡಿಕೊಂಡಳು.

"ಹಂಗಾದ್ರೆ ನಾನ್ ಮಾಡಿದ್ದು ಸರಿ ಇತ್ತಾ?"

"ನಲವತ್ತೊಂದು ಸಲವೂ ಸರಿ ಇತ್ತು. ನಾಳೆ ಮುರಳಿಮೋಹನ್ ಸಾರ್‌ಗೆ ನಾನೇ ಹೇಳ್ತೀನಿ. ಪೇಪರ್ ವಾಪಸ್ ತಗೋತೀನಿ."

ಅತ್ತಳು. ಕಣ್ಣೊರೆಸಿಕೊಂಡು ಕೇಳಿದಳು — "ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

"ನಿನ್ನೆ" ಅಂದೆ.

ನನ್ನ ಕೈ ಹಿಡಿದುಕೊಂಡಳು. "ಗೊತ್ತಾದ ಮಾರನೇ ದಿನಾನೇ ಬಂದ್ರಲ್ಲ ಮೇಡಂ. ಬೇರೆ ಯಾರೂ ಬರ್ತಿರ್ಲಿಲ್ಲ."

ಅದೇ ದಿನ, ಸಂಜೆ 4, ಶಿಡ್ಲಘಟ್ಟ

ಚಿಕ್ಕಬಳ್ಳಾಪುರಕ್ಕೆ ಹೊರಟ ನಮ್ಮ ಬಸ್ಸು ಇಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ನನ್ನ ಸೀಟಿನ ಕಿಟಕಿ ಪಕ್ಕದಲ್ಲೇ ಚಿಂತಾಮಣಿಗೆ ವಾಪಸ್ ಹೋಗುವ ಬಸ್ಸು. ಕಂಡಕ್ಟರ್ ಕೂಗುತ್ತಿದ್ದಾನೆ. ಕೈಯಲ್ಲಿ ಅವಳ ಬೆರಳುಗಳ ಬಿಸಿ ಇನ್ನೂ ಇದ್ದಂತಿದೆ.

ನಿನ್ನೆ ಅಲ್ಲಮ್ಮ, ಜೂನ್ ಒಂಬತ್ತು. ಇಷ್ಟೇ ಮಾತು.

ನಮ್ಮ ಡ್ರೈವರ್ ಹತ್ತಿದ. ಚೀಲ ಹೆಗಲಿಗೆ ಹಾಕಿಕೊಂಡೆ. ಎದ್ದು—