ಏಳು ಪ್ರತಿ

ಮನೆಯಿಂದ, ಆಫೀಸಿನಿಂದ ಖಂಡಿತ ಅಲ್ಲ
ತಾರೀಖು ೧೪, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಏಣಿ ಹತ್ತಿ ಇಳಿದು ಬೆನ್ನು ನೋಯುತ್ತದೆ ಎಂದು ಅಪ್ಪನ ಹತ್ತಿರ ಹೇಳಿದ್ದೆಯಂತೆ, ಈಗ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಎತ್ತಿದ ಕೂಡಲೇ "ಅಪ್ಪಂಗೆ ಕೊಡು" ಅನ್ನುತ್ತೀಯ. ಈ ನೆಟ್‌ವರ್ಕ್ ಕೆಲಸಕ್ಕೆ ಸೇರಿ, ನನ್ನೊಡನೆ ಜಗಳವಾಡಿ ನೀನು ಹೊರಟು ಐದು ತಿಂಗಳಾಯಿತು. ಐದು ತಿಂಗಳಿಂದ ನನ್ನ ಪಾಲಿಗೆ ಬಂದಿರುವುದು ಆ ಎರಡೇ ಮಾತು. ಅದಕ್ಕೇ ಈ ಕಾಗದ. ನಿಮ್ಮಪ್ಪ ಚೆನ್ನಾಗಿದ್ದಾರೆ, ಹಣೆಯ ಮೇಲಿದ್ದ ಕನ್ನಡಕವನ್ನು ಈಗಷ್ಟೇ ಮನೆಯೆಲ್ಲ ಹುಡುಕಿ ಮುಗಿಸಿದರು. ನನಗೂ ಏನೂ ಧಾಡಿಯಿಲ್ಲ, ಮೈ ಉರಿಯುತ್ತಿದೆ ಅಷ್ಟೆ. ಜ್ವರವಲ್ಲ, ಸಿಟ್ಟು.

ನಿನಗೆ ನಾನು ಬರೆಯುತ್ತಿರುವುದು ಇದು ಎರಡನೇ ಕಾಗದ. ಮೊದಲನೆಯದನ್ನು ನಿನ್ನ ಬದಲು ನಮ್ಮ ಆಫೀಸಿನ ಏಳು ಜನ ಅಧಿಕಾರಿಗಳು ಓದಿದರು! ಹೌದು ಕಣೇ, ಎಣಿಸಿ ಏಳು ಜನ. ಬುಧವಾರ ಊಟದ ಬಿಡುವಿನಲ್ಲಿ ಕೂತು ಟೈಪು ಮಾಡಿದ್ದೆ. ನನ್ನ ಕೈಬರಹ ನಿನಗೇ ಗೊತ್ತು, ಕೋಳಿ ಕೆದರಿದ ಹಾಗೆ. ಬೇರೆ ಮಾತು ಹೇಗಾದರೂ ಇರಲಿ, ಆ ಕಾಗದದ ಒಂದೊಂದು ಅಕ್ಷರವೂ ನಿನಗೆ ನೆಟ್ಟಗೆ ಕಾಣಬೇಕಿತ್ತು. ಪ್ರಿಂಟ್ ಒತ್ತಿದೆ. ಪಕ್ಕದಲ್ಲಿರುವ ನಮ್ಮ ಪ್ರಿಂಟರ್ ತುಟಿ ಪಿಟಕ್ಕೆನ್ನಲಿಲ್ಲ. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ಕೈ ಇದು, ಅಕ್ಷರ ಮೂಡದಿದ್ದರೆ ಇನ್ನೊಂದು ಸಲ ಜೋರಾಗಿ ಕುಟ್ಟುವುದಷ್ಟೇ ಗೊತ್ತು. ಏಳು ಸಲ ಒತ್ತಿದೆ. ಹಾಳಾಗಿ ಹೋಗಲಿ ಎಂದು ಡಬ್ಬಿ ತೊಳೆಯಲು ಹೋದೆ.

ನಮ್ಮ ಪ್ರಿಂಟರ್ ಕೆಟ್ಟಿದೆ ಎಂದು ಹಿಂದಿನ ದಿನವೇ ಯಾರೋ ಬಂದು ನನ್ನ ಕಂಪ್ಯೂಟರಿನ ಡಿಫಾಲ್ಟ್ ಪ್ರಿಂಟರ್ ಬದಲಿಸಿದ್ದರು. ನನಗೊಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಡಿಫಾಲ್ಟ್ ಎಂದರೆ, ಯಾವುದಕ್ಕೆ ಎಂದು ನಾವು ಹೇಳದೇ ಇದ್ದಾಗ ಕಂಪ್ಯೂಟರು ತಾನಾಗಿ ಹಿಡಿಯುವ ಯಂತ್ರ. ಅದು ಹಿಡಿದದ್ದು ಎರಡನೇ ಮಹಡಿಯ ಮೀಟಿಂಗ್ ಕೋಣೆಯ ಪಕ್ಕದ ದೊಡ್ಡ ಯಂತ್ರವನ್ನು. ಅದರ ಹೊಟ್ಟೆಯಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಹಾಗಾಗಿ ನನ್ನ ಏಳು ಪ್ರತಿಗಳೂ ಕ್ಯೂನಲ್ಲಿ ನಿಂತವು. ಯಂತ್ರ ಕೆಟ್ಟರೂ ಈ ಕ್ಯೂ ಚದುರುವುದಿಲ್ಲವಂತೆ. ಸರ್ವರ್ ಎಂಬ ಇನ್ನೊಂದು ಕಂಪ್ಯೂಟರು ಎಲ್ಲರ ಕೆಲಸವನ್ನೂ ಹಿಡಿದಿಟ್ಟುಕೊಂಡು, ಯಂತ್ರ ಸರಿಯಾದ ಕೂಡಲೇ ಬಂದ ಸರದಿಯಲ್ಲೇ ಬಿಡುತ್ತದಂತೆ. ಟಿಕೆಟ್ ಕೌಂಟರಿನ ಸಾಲಿನಲ್ಲಾದರೂ ಬೇಸತ್ತು ಮನೆಗೆ ಹೋಗಬಹುದು, ಇಲ್ಲಿ ಅದೂ ಇಲ್ಲ! ಮೂರು ಗಂಟೆಗೆ ಅಟೆಂಡರ್ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದ. ಮೊದಲು ಮೀಟಿಂಗಿನ ಕಾಗದಗಳು ಬಂದವು, ಬೆನ್ನಿಗೇ ನನ್ನವು. ಅಧಿಕಾರಿಗಳೂ ಏಳು, ಪ್ರತಿಗಳೂ ಏಳು. ಆ ಪುಣ್ಯಾತ್ಮ ತಲೆಗೊಂದರಂತೆ ಸ್ಟೇಪಲ್ ಹೊಡೆದು ಹಂಚಿಬಿಟ್ಟ. "ಸರಿಯಾಗಿ ಏಳಿತ್ತಲ್ಲಮ್ಮಾ, ನಂದೇನು ತಪ್ಪು?" ಎಂದು ಇವತ್ತಿಗೂ ವಾದ ಮಾಡುತ್ತಾನೆ.

ಮ್ಯಾನೇಜರು ನನ್ನನ್ನು ಮೀಟಿಂಗಿಗೇ ಕರೆಸಿ, "ಏನಮ್ಮಾ, ಇದು ಅಜೆಂಡಾದಲ್ಲಿ ಎಷ್ಟನೇ ವಿಷಯ?" ಎಂದರು. ಉಳಿದವರು ಮುಸಿಮುಸಿ ನಕ್ಕರು. ಮೂಲೆಯಲ್ಲಿದ್ದ ಒಬ್ಬರು ಮಾತ್ರ ನಗದೆ, ಕಾಗದ ಮಡಿಸಿ ನನ್ನ ಕೈಗಿತ್ತರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏಳನ್ನೂ ವಾಪಸು ಇಸಿದುಕೊಂಡೆ. ಅದರಲ್ಲೇ ಒಂದನ್ನು ನಿನಗೆ ಕಳಿಸಬಹುದಿತ್ತು, ಆದರೆ ಯಾರದೋ ಚಹಾದ ಕಲೆ ಬಿದ್ದ ಕಾಗದವನ್ನು ಮಗಳಿಗೆ ಕಳಿಸಲೇನೇ? ಹರಿದು ಹಾಕಿದೆ.

ಮರುದಿನ ರಿಪೇರಿಗೆ ಬಂದದ್ದು ಒಬ್ಬ ಹುಡುಗಿ. ನಿನ್ನದೇ ವಯಸ್ಸು, ಹೆಗಲ ಮೇಲೆ ಏಣಿ, ಸೊಂಟದಲ್ಲಿ ಇಕ್ಕಳ. ಹಿಂದಿನ ದಿನದ ಸಿಟ್ಟನ್ನೆಲ್ಲ ಅವಳ ಮೇಲೆ ಕಾರಿದೆ. ಪೂರ್ತಿ ಕೇಳಿಸಿಕೊಂಡು, "ಆಯ್ತು ಆಂಟಿ, ಸ್ವಲ್ಪ ಏಣಿ ಹಿಡ್ಕೊಳ್ತೀರಾ?" ಎಂದಳು. ಹಿಡಿದುಕೊಂಡೆ. ಈ ಡಿಫಾಲ್ಟು, ಕ್ಯೂ, ಸರ್ವರ್ ಎಲ್ಲ ಏಣಿಯ ಮೇಲಿಂದ ಅವಳು ಹೇಳಿಕೊಟ್ಟ ಪಾಠ. ಒಂದೊಂದು ಯಂತ್ರಕ್ಕೂ ಐಪಿ ಅಡ್ರೆಸ್ ಎಂಬ ನಂಬರಿದೆಯಂತೆ, ಮನೆ ನಂಬರಿನ ಹಾಗೆ. ಅದು ತಪ್ಪಿದರೆ ಕಾಗದ ಬೇರೆಯವರ ಮನೆಗೆ. ಚಾವಣಿಯ ಹಲಗೆ ಸರಿಸಿ, ಧೂಳಲ್ಲಿ ತಲೆ ತೂರಿಸಿ, ನಲವತ್ತು ಕೇಬಲ್ಲುಗಳ ನಡುವೆ ಇಲಿ ಕಡಿದ ನಮ್ಮ ಪ್ರಿಂಟರಿನ ಕೇಬಲ್ಲನ್ನು ಹುಡುಕಿದಳು. ಅದರೊಳಗೆ ಎಂಟು ಎಳೆ, ಎಂಟು ಬಣ್ಣ. ಒಂದು ಎಳೆ ಆಚೀಚೆಯಾದರೂ ಎಲ್ಲ ವ್ಯರ್ಥ. ತುದಿಗಾಲಲ್ಲಿ ನಿಂತು ಅವನ್ನು ಒಂದೊಂದಾಗಿ ಜೋಡಿಸಿದಳು. ನನಗೆ ಕೂತು ಸೂಜಿಗೆ ದಾರ ಪೋಣಿಸಲೂ ಆಗುವುದಿಲ್ಲ.

ಅಷ್ಟರಲ್ಲಿ ಮ್ಯಾನೇಜರು ಬಂದು, ಅವಳು ಅಲ್ಲಿಲ್ಲವೇ ಇಲ್ಲ ಎಂಬಂತೆ, "ಈ ತಂತಿ ಎಳೆಯೋಳಿಗೆ ಏನು ಗೊತ್ತಾಗತ್ತೆ, ಯಾರಾದ್ರೂ ಓದಿದವರನ್ನ ಕರೆಸಿ" ಎಂದರು. ನನಗೆಲ್ಲಿತ್ತೋ ರೋಷ! "ಸ್ವಾಮೀ, ಇವಳು ಎಳೆದ ತಂತಿ ಇಲ್ಲದಿದ್ರೆ ನಿಮ್ಮ ಒಂದು ಕಾಗದಾನೂ ಆಚೆ ಬರಲ್ಲ. ಡಿಫಾಲ್ಟ್ ಅಂದ್ರೇನು, ನೀವು ಹೇಳಿ ನೋಡೋಣ?" ಎಂದೆ. ಅವರು ಬಂದ ದಾರಿಯಲ್ಲೇ ತಿರುಗಿ ಹೋದರು. ನಾನು ಏಣಿ ಬಿಡಲಿಲ್ಲ. ಇಳಿದು ಬಂದ ಹುಡುಗಿ, "ನಿಮ್ಮನೇಲಿ ಯಾರಾದ್ರೂ ಈ ಕೆಲಸದಲ್ಲಿದ್ದಾರಾ ಆಂಟಿ?" ಎಂದು ಕೇಳಿದಳು. "ಮಗಳು" ಎಂದೆ. ಅವಳ ತಲೆಗೆ ಅಂಟಿದ್ದ ಧೂಳನ್ನು ಸೆರಗಿನಿಂದ ಒರೆಸಿದೆ.

ಏಣಿ ಹತ್ತುವ ಮುಂಚೆ ಅದರ ಕಾಲು ಅಲ್ಲಾಡುತ್ತದೆಯೇ ನೋಡಿಕೋ. ಯಾರನ್ನಾದರೂ ಹಿಡಿದುಕೊಳ್ಳಲು ಹೇಳು, ನಾಚಿಕೊಳ್ಳಬೇಡ. ಅಪ್ಪನ ಆಶೀರ್ವಾದ, ನನ್ನದೂ.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹೊರಟ ನಿಮ್ಮಪ್ಪ ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮ್ಯಾನೇಜರ ಆ ಮಾತು ನಿನಗೆ ಹೊಸದಲ್ಲ. ಐದು ತಿಂಗಳ ಹಿಂದೆ ನೀನು ಇದೇ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಾಗ, "ಓದಿಸಿದ್ದು ತಂತಿ ಎಳೆಯೋಕಾ?" ಎಂದವಳು ನಾನು. ಹರಿದು ಹಾಕಿದ ಕಾಗದದಲ್ಲಿ ಇದ್ದದ್ದು ಒಂದೇ ವಿಷಯ. ಏಳು ಜನ ಓದಿಯಾಯಿತು, ಓದಬೇಕಾದ ನೀನೊಬ್ಬಳು ಓದಿಲ್ಲ: ತಪ್ಪು ನನ್ನದು ಕಣೇ. ಮುಂದಿನ ಸಲ ಫೋನ್ ನಾನೇ ಎತ್ತುತ್ತೇನೆ. ಅಪ್ಪಂಗೆ ಕೊಡು ಅನ್ನಬೇಡ.