ನಾಲ್ಕನೇ ಮಹಡಿಯ ಏದುಸಿರು

ಲಾಂಡ್ರಿಯ ಊಟದ ಕೋಣೆ
ಮಂಗಳವಾರ, ೧೪ನೇ ತಾರೀಖು

ಮುದ್ದು ಮಗಳೇ, ನನ್ನ ಕಡ್ಡೀ,

ಹೇಗಿದ್ದೀಯ ತಾಯಿ? ಆ ಎಡಗೈ ಚಳಿಗೆ ಈಗಲೂ ನೋಯುತ್ತದೆಯೇ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೋ ಎಂದರೆ ಹೂಂ ಎನ್ನುತ್ತೀಯ, ಮಾಡುವುದಿಲ್ಲ, ನನಗೆ ಗೊತ್ತು. ಅಪ್ಪ ಅಮ್ಮ ಇಬ್ಬರೂ ಗುಡಾಣಗಳಂತಿದ್ದ ಮನೆಯಲ್ಲಿ ನೀನೊಬ್ಬಳು ಕಡ್ಡಿಯಾಗಿ ಹುಟ್ಟಿದ್ದು ಹೇಗೆ ಎಂದು ಎಲ್ಲರೂ ನಗುತ್ತಿದ್ದರು. ಈಗ ನಮ್ಮಿಬ್ಬರನ್ನು ನೋಡಿದರೆ ನೀನು ಗುರುತೇ ಹಿಡಿಯಲಾರೆ. ಫೋನು ಮಾಡಲಿಲ್ಲವೆಂದು ಬೈದುಕೊಳ್ಳಬೇಡ. ಫೋನು ಗೋಡೆಗೆ ಬಡಿದು ಚೂರಾಗಿದೆ, ನಿನ್ನ ನಂಬರೂ ಅದರ ಜೊತೆಗೇ ಹೋಯಿತು. ಬಾಯಿಪಾಠ ಮಾಡಿಟ್ಟುಕೋ ಎಂದು ನೀನು ಹೇಳಿದ್ದೆ, ನಾನು ಕೇಳಲಿಲ್ಲ. ನನ್ನ ಹುಬ್ಬಿಗೆ ಹೊಲಿಗೆ ಬಿದ್ದಿದೆ. ಹೆದರಬೇಡ, ಕಣ್ಣಿಗೆ ಏನೂ ಆಗಿಲ್ಲ. ಈ ಪತ್ರವನ್ನು ನಮ್ಮ ಲಾಂಡ್ರಿ ವ್ಯಾನಿನ ಡ್ರೈವರ್ ಕೈಲಿ ಕೊಟ್ಟು ಕಳಿಸುತ್ತೇನೆ, ಅವನ ಗಾಡಿ ನಿಮ್ಮ ಬೀದಿಯಲ್ಲೇ ಹೋಗುತ್ತದಂತೆ.

ಹೊಟ್ಟೆ ಕತ್ತರಿಸಿ ತೂಕ ಇಳಿಸುವ ಆಪರೇಷನ್ ಇಬ್ಬರಿಗೂ ಒಂದೇ ವಾರದಲ್ಲಿ ಆಗಿದ್ದು ನಿನಗೆ ಗೊತ್ತಲ್ಲ. ನನಗೆ ಮಂಡಿ ನೋವು, ಸಕ್ಕರೆ ಕಾಯಿಲೆ. ಅವನಿಗೆ ಬಿ.ಪಿ., ಮಲಗಿದಾಗ ಉಸಿರು ಕಟ್ಟುವುದು. ಇಷ್ಟು ವರ್ಷ ನಿಮ್ಮಪ್ಪನನ್ನು ‘ಅವರು’ ಎಂದೇ ಕರೆದೆ. ಇನ್ನು ನನ್ನ ಕೈಲಾಗುವುದಿಲ್ಲ, ನೀನು ಏನಂದುಕೊಂಡರೂ ಸರಿಯೇ. ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ತುಂಬಿ ತುಳುಕುತ್ತಿತ್ತು, ಗಂಡಸರ ಕಡೆ ಇವನೂ ಇನ್ನೊಬ್ಬ ಮುದುಕನೂ ಅಷ್ಟೇ. “ಹೆಂಗಸರು ಮೊದಲೇ ಬರ್ತಾರಮ್ಮ, ಗಂಡಸರು ಕಾಯಿಲೆ ಕುತ್ತಿಗೆಗೆ ಬಂದ ಮೇಲೆ ಬರ್ತಾರೆ” ಎಂದು ಡಾಕ್ಟರಮ್ಮ ನಕ್ಕರು. ಗಂಡಸರದು ಕಿಲೋ ಲೆಕ್ಕದಲ್ಲಿ ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ಶುರುವಿಗೇ ಅವರ ಭಾರ ಹೆಚ್ಚಿರುತ್ತದೆ, ಅದಕ್ಕೇ ಇಬ್ಬರೂ ಪೈಪೋಟಿಗೆ ಬೀಳಬೇಡಿ, ಇಳಿದದ್ದು ಕೊಬ್ಬೋ ಮಾಂಸಖಂಡವೋ ಅದನ್ನು ನೋಡಿ ಎಂದು ಬಿಡಿಸಿ ಹೇಳಿದ್ದರು. ಆದರೆ ನಿಮ್ಮಪ್ಪ ಹುಟ್ಟಾ ವೇಬ್ರಿಡ್ಜಿನವನು. ಜೀವಮಾನವೆಲ್ಲ ಲಾರಿ ತೂಗಿದ್ದಾನೆ. ಡ್ರೈವರುಗಳೆಲ್ಲ ಅವನನ್ನು ಟನ್ನಪ್ಪ ಎನ್ನುತ್ತಿದ್ದುದು ಸುಮ್ಮನೆಯೇ? ಲಾರಿಯೊಳಗೆ ಕಲ್ಲಿದೆಯೋ ಹತ್ತಿಯಿದೆಯೋ ಅವನಿಗೆ ಬೇಡ, ಮುಳ್ಳು ಎಲ್ಲಿ ನಿಂತಿತು ಅಷ್ಟೇ ಬೇಕು.

ಪ್ರತಿ ಭಾನುವಾರ ಹಜಾರದಲ್ಲಿ ಗಾಜಿನ ತೂಕದ ಯಂತ್ರ ಇಟ್ಟು, “ಬಾರೇ, ಗಾಡಿ ಹತ್ತಿಸು” ಎಂದು ಕೂಗುತ್ತಿದ್ದ. ಇವತ್ತಿಗೆ ಅವನದು ನಲವತ್ತಾರು ಕಿಲೋ ಇಳಿದಿದೆ, ನನ್ನದು ಮೂವತ್ತನಾಲ್ಕು. ನನ್ನದು ಕಡಿಮೆ ಇಳಿದ ವಾರ ಕದ್ದು ತಿಂದಿದ್ದೀಯ ಎಂದು ಗೋಡೆಗೆ ಒತ್ತಿ ಹಿಡಿದು, ದವಡೆ ಬಿಡಿಸಿ, ಗಂಟಲಿಗೆ ಬೆರಳು ತುರುಕಿ ಕಕ್ಕಿಸುತ್ತಿದ್ದ. ಬರುತ್ತಿದ್ದುದು ನೀರು, ಒಮ್ಮೊಮ್ಮೆ ರಕ್ತ. ಸೊಂಟ ಸಣ್ಣಗಾದಷ್ಟೂ ಅವನ ಬೆಲ್ಟಿಗೆ ಹೊಸ ತೂತು ಬೀಳುತ್ತಿತ್ತು, ಉಳಿದ ಬಾಲ ಉದ್ದವಾಗುತ್ತಿತ್ತು. ಆ ಬಾಲವನ್ನು ಮುಷ್ಟಿಗೆ ಸುತ್ತಿಕೊಂಡು ಬಕಲ್ ಕಡೆಯಿಂದ ಬೀಸುತ್ತಿದ್ದ. ಹೊಟ್ಟೆ ಕತ್ತರಿಸಿದರು, ಹೊಟ್ಟೆಕಿಚ್ಚನ್ನು ಹಾಗೇ ಬಿಟ್ಟರು. ಮೊದಲಾದರೆ ಏದುಸಿರು ಮುಂದೆ ಬರುತ್ತಿತ್ತು, ಅವನು ಹಿಂದೆ. ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳಲು ನಮಗೆ ಅಷ್ಟು ಹೊತ್ತು ಸಾಕಾಗುತ್ತಿತ್ತು, ನೆನಪಿದೆಯಾ? ಈಗ ಬೆಕ್ಕು ಬಂದ ಹಾಗೆ ಬರುತ್ತಾನೆ. ಏಟು ಬಿದ್ದ ಮೇಲೇ ಬಂದದ್ದು ಗೊತ್ತಾಗುವುದು.

ಅವನು ನಿನ್ನ ಕೈ ಮುರಿದ ದಿನ ನೀನು ಸೌಟಿನಿಂದ ಅವನ ಹಣೆ ಒಡೆದು ಮನೆ ಬಿಟ್ಟೆ. ಹೋಗಿ ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿ ಹಿಡಿದೆ. ಎಂಥ ಬುದ್ಧಿವಂತೆ ನನ್ನ ಮಗಳು ಎಂದುಕೊಂಡಿದ್ದೆ. ಕಬ್ಬಿಣದ ರಾಡು ಹಿಡಿದು ಬಂದವನು ಎರಡನೇ ಮಹಡಿಯಲ್ಲೇ ಕುಸಿದು, ಯಾರೋ ಅಜ್ಜಿ ಕೊಟ್ಟ ನೀರು ಕುಡಿದು, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸಾಗಿದ್ದ. ಆ ಮೆಟ್ಟಿಲುಗಳೇ ನಿನ್ನ ಕಾವಲು. ಆದರೆ ಅವು ನನ್ನನ್ನೂ ತಡೆದವಲ್ಲ. ನಿನ್ನ ಮನೆಯ ಕಿಟಕಿಗೆ ಯಾವ ಬಣ್ಣದ ಪರದೆ ಇದೆಯೋ ಹೆತ್ತವಳಿಗೆ ಗೊತ್ತಿಲ್ಲ. ಪ್ರತಿ ಸಲವೂ ನೀನೇ ಇಳಿದು ಬಂದು ಬೀದಿ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದೆ. ಆಪರೇಷನ್ನಿಗೆ ನಾನು ಒಪ್ಪಿದ್ದು ಸಕ್ಕರೆ ಕಾಯಿಲೆಗೆ ಎಂದು ಎಲ್ಲರಿಗೂ ಹೇಳಿದೆ. ನಿಜವಾಗಿ ಒಪ್ಪಿದ್ದು ಆ ಮೆಟ್ಟಿಲಿಗೆ.

ಅವನು ಒಪ್ಪಿದ್ದೂ ಅದಕ್ಕೇ ಎಂದು ನನಗೆ ಹೊಳೆಯಲೇ ಇಲ್ಲ ನೋಡು. ಸಂಜೆ ಕೆಲಸ ಮುಗಿಸಿ ಗೋದಾಮಿನ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಡಾಕ್ಟರಮ್ಮ ಬೆನ್ನು ತಟ್ಟಿದರು, ನನಗೂ ಸಂತೋಷವಾಯಿತು. ಮೊನ್ನೆ ಶನಿವಾರ ಬಂದು ಕುರ್ಚಿಯಲ್ಲಿ ಕೂತು ಹೇಳಿದ, “ನಾಲ್ಕು ಮಹಡಿ ಕಣೇ. ಒಂದೇ ಉಸಿರು. ಇಳಿದು ಮತ್ತೆ ಹತ್ತಿದೆ.” ಹೇಳುತ್ತಾ ಹಣೆಯ ಗಾಯದ ಗುರುತು ಸವರಿಕೊಂಡ. “ನಿನ್ನ ಮಗಳು ಇನ್ನೂ ಅಲ್ಲೇ ಇದ್ದಾಳೆ ತಾನೇ?” ಎಂದ. ನಿನಗೆ ತಿಳಿಸೋಣವೆಂದು ಫೋನು ತೆಗೆದೆ. ಕಿತ್ತುಕೊಂಡು ಗೋಡೆಗೆ ಬೀಸಿ ಒಗೆದ.

ಭಾನುವಾರ ಬೆಳಿಗ್ಗೆ ತೂಕ ನೋಡಿಕೊಂಡ, ಹೊಸ ಅಂಗಿ ಹಾಕಿಕೊಂಡ, ಕದದ ಹಿಂದಿನಿಂದ ಅದೇ ರಾಡು ತೆಗೆದ. ನಾನು ಬಾಗಿಲಿಗೆ ಅಡ್ಡ ನಿಂತೆ. ರಾಡು ಗೋಡೆಗೊರಗಿಸಿ, ನನಗೆ ಬೆಲ್ಟೇ ಸಾಕೆಂದು ಬಿಚ್ಚಿದ. ಮೊದಲ ಏಟಿಗೆ ಹುಬ್ಬು ಸೀಳಿತು, ಕಣ್ಣೆಲ್ಲ ರಕ್ತ. ಎರಡನೆಯದು ಕಿವಿಯ ಮೇಲೆ. ಮೂರನೆಯದಕ್ಕೆ ಬಕಲ್ಲೇ ನನ್ನ ಕೈಗೆ ಸಿಕ್ಕಿತು. ಲಾಂಡ್ರಿಯಲ್ಲಿ ಒದ್ದೆ ಚಾದರದ ತುದಿ ಹಿಡಿದು ತಿರುಚಿ ಎಳೆಯುತ್ತೇವಲ್ಲ, ಹಾಗೇ ಎಳೆದೆ. ಬೆಲ್ಟಿನ ಜೊತೆ ಅವನೂ ಬಂದುಬಿಟ್ಟ, ಕಡ್ಡೀ! ನನಗೇ ನಂಬಲಾಗಲಿಲ್ಲ. ಡಾಕ್ಟರಮ್ಮ ಕೊಟ್ಟ ಪ್ರೋಟೀನ್ ಪುಡಿಯನ್ನು ಹೆಂಗಸರ ಹಾಲೆಂದು ಸಿಂಕಿಗೆ ಸುರಿಯುತ್ತಿದ್ದವನು ಅವನು, ಮೂಗು ಮುಚ್ಚಿಕೊಂಡು ಕುಡಿದವಳು ನಾನು. ಅವನ ಕಾಲು ಮೆಟ್ಟಿಲು ಹತ್ತಿ ಗಟ್ಟಿಯಾಗಿತ್ತು, ತೋಳಿನ ಮಾಂಸ ಕೊಬ್ಬಿನ ಜೊತೆಗೇ ಕರಗಿತ್ತು. ಗೋಡೆಗೆ ಅಪ್ಪಳಿಸಿದೆ. ಎದ್ದು ನನ್ನ ಕುತ್ತಿಗೆಗೆ ಕೈ ಹಾಕಿದ. ಕೂದಲು ಹಿಡಿದು ಮತ್ತೊಮ್ಮೆ ಅಪ್ಪಳಿಸಿದೆ. ತೂಕದ ಯಂತ್ರದ ಮೇಲೆ ಬಿದ್ದ, ಗಾಜು ಪುಡಿಯಾಯಿತು. ಭುಜದ ಮೂಳೆ ಮುರಿದ ಸದ್ದು ಕೇಳಿಸಿತು. ಆಗ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಅವನದೇ ಬೆಲ್ಟಿನಿಂದ ಬಾರಿಸಿದೆ, ಕೈ ಸೋಲುವವರೆಗೆ ಬಾರಿಸಿದೆ. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು. ಅಷ್ಟು ಹಿತವಾಯಿತಲ್ಲ ಎಂದು ಆಮೇಲೆ ನನಗೇ ಹೆದರಿಕೆಯಾಯಿತು. “ಬಿಡೇ, ಸತ್ತೋಗ್ತೀನಿ” ಎಂದು ಅವನು ಅತ್ತಾಗ, ಅದೇ ಮಾತು ನಾನು ಎಷ್ಟು ಸಲ ಹೇಳಿದ್ದೆ ಎಂದು ನೆನಪಾಗಿ ಕೈ ಕೆಳಗಿಳಿಯಿತು. ಕೆಳಮನೆಯ ದರ್ಜಿ ಓಡಿಬಂದಾಗ ನಾನು ಅವನ ಎದೆಯ ಮೇಲೆ ಕೂತಿದ್ದೆನಂತೆ. ನನಗೆ ಅದು ನೆನಪಿಲ್ಲ.

ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದರೆ ಅವನು ಏನೆಂದ ಗೊತ್ತೇ? “ಮೆಟ್ಟಿಲಿಂದ ಬಿದ್ದೆ.” ನನ್ನ ಹಳೇ ಮಾತು. ಅದೇ ಆಸ್ಪತ್ರೆಯಲ್ಲಿ, ಹೆಚ್ಚುಕಡಿಮೆ ಅದೇ ಬೆಂಚಿನ ಮೇಲೆ, ಅದೇ ಸುಳ್ಳನ್ನು ನಾನು ಎಷ್ಟು ವರ್ಷ ಹೇಳಿದ್ದೇನೆ. ನರ್ಸು ನನ್ನ ಹುಬ್ಬು ನೋಡಿ, “ನೀವೂ ಬಿದ್ರಾ ಅಮ್ಮಾ?” ಎಂದು ಕೇಳಿದಳು. ಇಲ್ಲ, ಇವನು ಹೊಡೆದ, ನಾನೂ ಹೊಡೆದೆ, ಎರಡನ್ನೂ ಬರೆದುಕೋ ಎಂದೆ. ಪೊಲೀಸರಿಗೂ ಎರಡನ್ನೂ ಹೇಳಿದ್ದೇನೆ. ಅವನು ಮಾಡಿದ್ದಕ್ಕೆ ಅವನು ಅನುಭವಿಸಲಿ, ನಾನು ಮಾಡಿದ್ದಕ್ಕೆ ನಾನು. ವಾರ ಕಳೆಯುವವರೆಗೆ ಅವನನ್ನು ಮನೆಗೆ ಬಿಡುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಅಷ್ಟರಲ್ಲಿ ರಜೆ ಹಾಕಿ ನಿನ್ನ ಹತ್ತಿರ ಬರಬೇಕೆಂದಿದ್ದೇನೆ. ನಿನ್ನ ಪರದೆಯ ಬಣ್ಣ ನೋಡಬೇಕು.

ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಳೇ. ಅವನಿಗೆ ನೀರು ಕೊಟ್ಟ ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು, ಒಳ್ಳೆಯವರು, ಅವರಿಗೇನು ಗೊತ್ತಿತ್ತು ಪಾಪ. ನನ್ನ ಆಯಸ್ಸೂ ನಿನಗೇ ಇರಲಿ, ತಣ್ಣಗಿರು.

ನಿನ್ನ
ಅಮ್ಮ

ತಾ.ಕ.: ಆಸ್ಪತ್ರೆಯ ಬಟ್ಟೆಗಂಟು ತಂದ ಆಯಾ ಈಗಷ್ಟೇ ಹೇಳಿದಳು, ಬೆಳಿಗ್ಗೆಯಿಂದ ಅವನ ಹಾಸಿಗೆ ಖಾಲಿಯಂತೆ, ಯಾರಿಗೂ ಹೇಳದೆ ಎದ್ದು ಹೋಗಿದ್ದಾನೆ. ನಾನು ಮುರಿದದ್ದು ಭುಜ, ಕಾಲಲ್ಲ. ವ್ಯಾನು ಹೊರಡುತ್ತಿದೆ, ಪತ್ರ ಮೊದಲು ಮುಟ್ಟಲಿ. ನಾನು ಠಾಣೆಗೆ ಹೋಗಿ ಪೊಲೀಸರಿಗೆ ಹೇಳಿ ನೇರ ಅಲ್ಲಿಗೇ ಬರುತ್ತೇನೆ. ನೀನು ಕೆಳಗಿಳಿಯಬೇಡ, ಈ ಸಲ ನಾನೇ ಹತ್ತುತ್ತೇನೆ. ಊಟದ ಬಿಡುವಿನಲ್ಲಿ ಬಾಯ್ಲರ್ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದೇನೆ, ಆದರೆ ಅವನ ಹಾಗಲ್ಲ, ನನಗೆ ಮೂರು ಮಹಡಿಗೇ ಏದುಸಿರು ಬರುತ್ತದೆ. ಚಿಲಕ ಹಾಕಿಕೋ, ಬಾಗಿಲಿಗೆ ಕಿವಿಗೊಟ್ಟು ನಿಲ್ಲು. ತಟ್ಟಿದವರು ಏದುಸಿರು ಬಿಡುತ್ತಿದ್ದರೆ ತೆಗೆ, ಅದು ನಾನು. ಉಸಿರಿನ ಸದ್ದೇ ಇಲ್ಲದಿದ್ದರೆ ತೆಗೆಯಬೇಡ.