ಹೂ ನೋಡಲು ಹೋಗಿ ನಾಲ್ಕು ಖಣ

ಕೆಲಗೇರಿ, ಧಾರವಾಡ
೨೪ ಸೆಪ್ಟೆಂಬರ್

ಪೂಜ್ಯ ಅತ್ಯಾ,

ಪ್ರಾಚಿಯ ನಮಸ್ಕಾರಗಳು. ನಿಮ್ಮ ಮೊಣಕಾಲು ನೋವು ಹೇಗಿದೆ? ಪುಣೆಯಲ್ಲಿ ಮಗಳು ವಿದ್ಯಾಳ ಬಾಣಂತನ ಮುಗಿಯುತ್ತ ಬಂದರೂ ನಿಮಗೆ ವಿಶ್ರಾಂತಿ ಸಿಕ್ಕಿರಲಿಕ್ಕಿಲ್ಲ. ಕೂಸು ಈಗಲಾದರೂ ಸರಿಯಾಗಿ ಮಲಗುತ್ತದೆಯೇ? ಇಲ್ಲಿ ಎಲ್ಲರೂ ಆರಾಮ, ನನ್ನೊಬ್ಬಳನ್ನು ಬಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ಮಾವನವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಅದಕ್ಕೇ ಈ ಕಾಗದ.

ಶನಿವಾರ ಸಾತಾರದ ಹತ್ತಿರದ ಕಾಸ್ ಗುಡ್ಡಕ್ಕೆ ಹೂ ನೋಡಲು ಹೋದ ಕಥೆ ಕೇಳಿ. ಮಳೆ ಹಿಂದೆ ಸರಿದ ಮೇಲೆ ಅಲ್ಲಿ ಕೆಲವೇ ವಾರ ಹೂವಿರುತ್ತದೆ. ನಾನು ತಿಂಗಳ ಮೊದಲೇ ಮಧ್ಯಾಹ್ನ ಮೂರರ ಪಾಸು ತೆಗೆಸಿದ್ದೆ. ಬೆಳಗಿನ ಐದಕ್ಕೆ ಕಾರು ಹೊರಟಿತು, ಹನ್ನೆರಡಕ್ಕೆಲ್ಲ ಸಾತಾರ ಮುಟ್ಟಬೇಕಿತ್ತು. ಬೆಳಗಾವಿ ಬರುತ್ತಲೇ ಮಾವನವರಿಗೆ ತಮ್ಮ ಚಿಕ್ಕಪ್ಪನ ಮಗ ನೆನಪಾದರು. "ಊರಾಗ ಹಾದು ಹೋಗಿ ಮನಿಗೆ ಬರಲಿಲ್ಲ ಅಂತ ನಾಳೆ ಅವರು ಅಂದ್ರ, ನಾ ಏನ ಹೇಳಲಿ? ಐದ ಮಿನಿಟ, ಚಾ ಸುದ್ದಾ ಬ್ಯಾಡ" ಎಂದರು. ಚಹಾದ ಹಿಂದೆ ಅವಲಕ್ಕಿ ಬಂತು, ಅವಲಕ್ಕಿಯ ಹಿಂದೆ ಮೂವತ್ತು ವರ್ಷ ಹಳೆಯ ಫೋಟೋ ಆಲ್ಬಮ್ಮು ಬಂತು. ನಿಪ್ಪಾಣಿಯಲ್ಲಿ ಮಾವನವರ ಜೊತೆ ನೌಕರಿ ಮಾಡಿದವರು, ಕೊಲ್ಲಾಪುರದಲ್ಲಿ ನಿಮ್ಮ ಭಾವನವರ ಬೀಗರು. ಕರಾಡದ ಅಜ್ಜಿ ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ, ಆದರೆ ಊಟ ಮಾಡದೆ ಎದ್ದರೆ ಅವರು ಅತ್ತೇಬಿಡುತ್ತಿದ್ದರು. ನಿಮ್ಮ ಮಗನ ಕೈಯಲ್ಲಿ ಸ್ಟಿಯರಿಂಗ್ ಇತ್ತು, ಅದು ಮಾವನವರು ಬೆರಳು ತೋರಿಸಿದ ಕಡೆಗೆಲ್ಲ ತಿರುಗಿತು. ಪ್ರತಿ ಮನೆಯಲ್ಲೂ ಹೊರಡುವಾಗ ಕುಂಕುಮ ಹಚ್ಚಿ, ಕುಪ್ಪಸಕ್ಕೆಂದು ಖಣ ಕೊಟ್ಟು, ಮತ್ತೆ ಬಾಗಿಲಲ್ಲಿ ಅರ್ಧ ತಾಸು ನಿಲ್ಲಿಸಿಕೊಂಡರು. ಎಲ್ಲರೂ ಒಳ್ಳೆಯವರೇ, ಅತ್ಯಾ. ಅದೇ ನನ್ನ ಸಂಕಟ.

ಗುಡ್ಡ ಮುಟ್ಟಿದಾಗ ಆರೂವರೆ. ಗೇಟಿಗೆ ಬೀಗ ಬಿದ್ದಿತ್ತು. ಬೇಲಿಯಾಚೆ ಕತ್ತಲಾಗುತ್ತಿತ್ತು. ನೇರಳೆಯೋ ಬಿಳಿಯೋ ಒಂದೂ ತಿಳಿಯಲಿಲ್ಲ. "ಹೂವು ಎಲ್ಲೆ ಓಡಿ ಹೋಗ್ತಾವ? ಮುಂದಿನ ವರ್ಷ ಬರೋಣು" ಎಂದು ಮಾವನವರು ಕಾರಿನಲ್ಲಿ ಕೂತರು. ನನಗೆ ಬಂದ ಸಿಟ್ಟಿಗೆ ಅಲ್ಲೇ ನೆಲದ ಮೇಲೆ ಕೂತುಬಿಡೋಣ ಅನ್ನಿಸಿತು. ಮದುವೆಯಾಗಿ ಹನ್ನೊಂದು ವರ್ಷ, ಪ್ರತಿ ವರ್ಷವೂ ಇದೇ ಮಾತು. ಪ್ರವಾಸದ ಬಗ್ಗೆ ಶಾಲೆಯಲ್ಲಿ ಬರೆಯಲು ಹೇಳಿದರೆ ನಿಮ್ಮ ಮೊಮ್ಮಗಳು ಮಾನಸಿ ಎರಡು ಪುಟ ಬರೀ ನೆಂಟರ ಬಗ್ಗೆ ಬರೆದಿದ್ದಾಳೆ.

ಹೆಚ್ಚು ನೋವಾದದ್ದು ಬೇರೆ ವಿಷಯಕ್ಕೆ. ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ, ಪೇಪರಿನಿಂದ ಕತ್ತರಿಸಿ ನೀವು ಅಂಟಿಸಿದ ಆ ಗುಡ್ಡದ ಚಿತ್ರ ಹಳದಿಯಾಗಿ ಅಂಚು ಸುರುಳಿಯಾಗಿದೆ. ಪುಣೆಗೆ ಹೊರಡುವಾಗ ನೀವು "ನನ್ನ ಪಾಲಿಂದೂ ನೋಡಿ ಬಾ" ಎಂದಿದ್ದಿರಿ. ಮೂವತ್ತೆಂಟು ವರ್ಷ ನೀವು ಎಷ್ಟು ಮನೆಗಳಲ್ಲಿ ಕುಂಕುಮ ಹಚ್ಚಿಸಿಕೊಂಡು ತಿರುಗಿ ಬಂದಿದ್ದೀರಿ ಎಂಬುದು ನನಗೆ ಆ ಬೇಲಿಯ ಹತ್ತಿರ ಹೊಳೆಯಿತು.

ಮಾವನವರು ನಿಮ್ಮನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ವಿದ್ಯಾಳಿಗೆ ಪ್ರೀತಿ, ಕೂಸಿಗೆ ಮುತ್ತು.

ನಿಮ್ಮ ಸೊಸೆ,
ಪ್ರಾಚಿ

ತಾ.ಕ.: ಕೂಸನ್ನು ನೋಡಲು ಬರುವ ಗುರುವಾರದ ರೈಲಿಗೆ ಒಬ್ಬಳೇ ಬರುತ್ತಿದ್ದೇನೆ. ಮನೆಯಲ್ಲಿ ಹೇಳಿದ್ದು ಇಷ್ಟೇ. ಆದರೆ ಆ ಶನಿವಾರ ಹನ್ನೊಂದಕ್ಕೆ ಗುಡ್ಡಕ್ಕೆ ನಿಮ್ಮದೂ ನನ್ನದೂ ಪಾಸು ತೆಗೆಸಿದ್ದೇನೆ. ಅಂದು ಕೂಸನ್ನು ತಾನೇ ನೋಡಿಕೊಳ್ಳಲು ವಿದ್ಯಾ ಒಪ್ಪಿದ್ದಾಳೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳಿ. ಪುಣೆಯಿಂದ ಸಾತಾರದವರೆಗೆ ನಮ್ಮವರು ಯಾರಾದರೂ ಇದ್ದರೆ, ನಿಮ್ಮ ಕಾಲಿಗೆ ಬೀಳುತ್ತೇನೆ, ನೆನಪು ಮಾಡಿಕೊಳ್ಳಬೇಡಿ.